ಅಪ್ಪ ಮನೆಯಿಂದ ಆಚೆಗೇ ಬರುತ್ತಿಲ್ಲ, ಏನು ಮಾಡಲಿ?

ಬನಶಂಕರಿಯಿಂದ: ಅಮ್ಮ ಹೋದ ಮೇಲೆ ಅಪ್ಪ ಯಾರ ಹತ್ತಿರವೂ ಮಾತಾಡುವುದಿಲ್ಲ. ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವರು. ಪಾರ್ಕಿಗೆ ಹೋಗಿ ಅಂದರೆ ‘ಅಲ್ಲಿ ಸುಮ್ನೆ ಕೂತು ಏನು ಮಾಡಲಿ’ ಅಂತಾರೆ.

ಮಲ್ಲೇಶ್ವರದಿಂದ: ಅವರು ಕೇಳ್ತಿರೋದು ಕೆಲಸ, ಅಲ್ವಾ? ಆಸ್ಟ್ರೇಲಿಯಾದಲ್ಲಿ ಇದಕ್ಕೇ ‘ಮೆನ್ಸ್ ಶೆಡ್’ ಇವೆ, ಅಂದರೆ ಗಂಡಸರು ಸೇರಿ ಕೈಕೆಲಸ ಮಾಡುವ ಜಾಗಗಳು. 1998ರಲ್ಲಿ ವಿಕ್ಟೋರಿಯಾದ ಟೊಂಗಾಲಾ ಊರಲ್ಲಿ ಒಂದು ತೆರೆದರು, ಈಗ ದೇಶದಲ್ಲಿ ಸಾವಿರಕ್ಕೂ ಜಾಸ್ತಿ. ಮರಗೆಲಸ, ರಿಪೇರಿ, ಮಧ್ಯೆ ಟೀ. ಎದುರು ಕೂರಿಸಿ ಕೇಳಿದರೆ ಬಾಯಿಬಿಡದ ಗಂಡಸರು ಪಕ್ಕಪಕ್ಕ ನಿಂತು ಕೆಲಸ ಮಾಡುವಾಗ ತಾವಾಗಿಯೇ ಮನಸ್ಸು ಬಿಚ್ಚುತ್ತಾರೆ.

ವಿಜಯನಗರದಿಂದ: ಅಕ್ಕಪಕ್ಕದ ಒಬ್ಬಿಬ್ಬರು ರಿಟೈರ್ ಆದವರನ್ನು ಸೇರಿಸಿ, ಒಂದು ಖಾಲಿ ಗ್ಯಾರೇಜ್ ಸಾಕು. ‘ನಿಮಗೆ ಸಹಾಯ ಬೇಕು’ ಅನ್ನಬೇಡಿ, ‘ಈ ಮಿಕ್ಸಿ ಸ್ವಲ್ಪ ನೋಡ್ತೀರಾ’ ಅನ್ನಿ.

ಹೆಬ್ಬಾಳದಿಂದ: ಊಟ, ನಿದ್ದೆ ಕೆಟ್ಟಿದ್ದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ: 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು.