ತಂಡೇಲ (ಬೋಟು ನಡೆಸುವವ) ಕುಡಿದು ಬೋಟು ಕಲ್ಲಿಗೆ ಹೊಡೆದರೆ ಇನ್ಶೂರೆನ್ಸ್ ಸಿಗುತ್ತಾ?

ಮಂಜೇಶ್ವರದವ: ನಮ್ಮ ಭಾವನ ಟ್ರಾಲ್ ಬೋಟು ರಾತ್ರಿ ವಾಪಸ್ ಬರುವಾಗ ಅಳಿವೆ ಬಾಯಿಯ ಕಲ್ಲಿಗೆ ಬಡಿದು ತಳ ಒಡೆದಿದೆ. ತಂಡೇಲ ಕುಡಿದಿದ್ದ ಅಂತ ಜೊತೆಗಿದ್ದವರೇ ಹೇಳುತ್ತಾರೆ. ಭಾವ ಮನೆಯಲ್ಲಿದ್ದರು. ಕಂಪನಿಯವರು 'ನಿಮ್ಮ ಆಳಿನ ತಪ್ಪು, ಕ್ಲೇಮ್ ಇಲ್ಲ' ಅಂತಿದ್ದಾರೆ. ಇದು ಸರಿಯಾ?

ಕುಂಬಳೆ ವಕೀಲ: ಅಷ್ಟು ಸುಲಭ ಇಲ್ಲ. 1963ರ ಮರೈನ್ ಇನ್ಶೂರೆನ್ಸ್ ಕಾಯ್ದೆಯ 55ನೇ ಸೆಕ್ಷನ್ ಓದಿ. ಮಾಲೀಕನೇ ಬೇಕೆಂದು ಮಾಡಿದ ನಷ್ಟಕ್ಕೆ ದುಡ್ಡಿಲ್ಲ. ಆದರೆ ನಷ್ಟಕ್ಕೆ ನೇರ ಕಾರಣ ಪಾಲಿಸಿಯಲ್ಲಿರುವ ಅಪಾಯವೇ ಆಗಿದ್ದರೆ, ಅದರ ಹಿಂದೆ ತಂಡೇಲನ ಅಥವಾ ಕೆಲಸದವರ ತಪ್ಪು, ಅಜಾಗರೂಕತೆ ಇದ್ದರೂ ಕಂಪನಿ ಕೊಡಬೇಕು, ಪಾಲಿಸಿಯಲ್ಲಿ ಬೇರೆ ರೀತಿ ಬರೆದಿರದಿದ್ದರೆ. ಆ ಕೊನೆಯ ಮಾತೇ ಮುಖ್ಯ. ಕುಡಿತದ ಬಗ್ಗೆ, ತಂಡೇಲನ ಲೈಸೆನ್ಸ್ ಬಗ್ಗೆ ಷರತ್ತು ಇದೆಯಾ ನೋಡಿ.

ಬೇಕಲ ಬೋಟು: ತಂಡೇಲ ಮಾಲೀಕನಿಗೆ ಮೋಸ ಮಾಡಲು ಬೇಕೆಂದೇ ಬೋಟು ಮುಳುಗಿಸಿದರೆ ಅದಕ್ಕೆ ಬ್ಯಾರಟ್ರಿ ಅಂತಾರೆ, ಅದು ಬೇರೆ. ಅದನ್ನೂ ಎಷ್ಟೋ ಪಾಲಿಸಿಗಳು ಸೇರಿಸಿರುತ್ತವೆ. ಮಾಲೀಕನೂ ಅದರಲ್ಲಿ ಸೇರಿದ್ದರೆ ಕಥೆ ಮುಗೀತು.

ಕುಂಬಳೆ ವಕೀಲ: ಹೌದು. ಇನ್ನೊಂದು, ಆ ತಂಡೇಲ ದಿನಾ ಕುಡಿಯುವವ ಅಂತ ಭಾವನಿಗೆ ಮೊದಲೇ ಗೊತ್ತಿತ್ತಾ? ಗೊತ್ತಿದ್ದೂ ಕಳಿಸಿದ್ದರೆ ಕಂಪನಿ ಅದನ್ನೇ ಹಿಡಿದುಕೊಳ್ಳುತ್ತದೆ. ನಾಲಾಯಕ್ ತಂಡೇಲ ಇದ್ದರೆ ಬೋಟೇ ಸಮುದ್ರಕ್ಕೆ ಯೋಗ್ಯವಲ್ಲ ಅಂತ ವಾದಿಸಬಹುದು. ಮೊದಲು ಕ್ಲೇಮ್ ಯಾಕೆ ಇಲ್ಲ ಅಂತ ಬರಹದಲ್ಲಿ ಕೇಳಿ, ಫೋನಿನ ಮಾತು ಸುಮ್ನೆ. ನಷ್ಟ ಎಷ್ಟು ಅಂತ ನೋಡಿದ ಸರ್ವೇಯರ್ ರಿಪೋರ್ಟಿನ ಕಾಪಿಯೂ ತಗೊಳ್ಳಿ.

ಮಂಜೇಶ್ವರದವ: ಪಾಲಿಸಿ ಪೇಪರ್ ಬ್ಯಾಂಕಿನಲ್ಲಿದೆ, ಸಾಲ ಇದೆ ಅಲ್ವಾ. ನಾಳೆ ತರಿಸುತ್ತೇನೆ.