ಟರ್ನ್‌ಟೇಬಲ್‌ಗೆ ಬೆಳ್ಳಿ ಕೇಬಲ್ ಬೇಕಾ, ತಾಮ್ರದ್ದೇ ಸಾಕಾ?

ಮಾಳಮಡ್ಡಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ಅಪ್ಪನ ಹಳೆಯ ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ಈಗ ನನ್ನ ಹತ್ತಿರ ಇದೆ. ಅದರಲ್ಲಿ ಹೆಚ್ಚಾಗಿ ಕೇಳುವುದು ಮಲ್ಲಿಕಾರ್ಜುನ ಮನಸೂರರನ್ನು. ಈ ಮಳೆಗಾಲ ಹಿಡಿದ ಮೇಲೆ ಎರಡು ತೊಂದರೆ. ಎಡಗಡೆ ಸ್ಪೀಕರ್ ಆಗಾಗ ಸುಮ್ಮನಾಗುತ್ತದೆ, ಹಿಂದಿನ ಪಿನ್ ಅಲ್ಲಾಡಿಸಿದರೆ ಮತ್ತೆ ಬರುತ್ತದೆ. ಜೊತೆಗೆ ತಂಬೂರಿಯ ಕೆಳಗೆ ಗುಂಯ್ ಅನ್ನುವ ಸದ್ದು. ಆಲಾಪ ಮೆಲ್ಲಗೆ ಶುರುವಾಗುವ ಹೊತ್ತಿಗೆ ಅದೇ ಜಾಸ್ತಿ ಕೇಳುತ್ತದೆ. ಬಹಳ ಸಂಕಟ ಆಗುತ್ತದೆ.

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಬೆಳ್ಳಿ ತಂತಿ, ಬಂಗಾರದ ಪಿನ್ ಇರುವ ಒಂದು ಮೀಟರ್ ಕೇಬಲ್‌ಗೆ 9,000 ರೂಪಾಯಿ ಹೇಳಿದರು. ಟರ್ನ್‌ಟೇಬಲ್‌ನಿಂದ ಆಂಪ್ಲಿಫೈಯರ್‌ಗೆ ಹೋಗುವ ನನ್ನ ಕೇಬಲ್ ತಾಮ್ರದ್ದು. ಪಿನ್ ಮೇಲಿನ ನಿಕಲ್ ಮಾಸಿದೆ. ತಗೊಳ್ಳಲಾ?

ಬೆಟಗೇರಿ, ಗದಗ (ರೇಡಿಯೋ, ಆಂಪ್ಲಿಫೈಯರ್ ರಿಪೇರಿ)

ತಂಗೀ, ಸ್ವಲ್ಪ ತಡೆಯಿರಿ. ನಿಮ್ಮ ತೊಂದರೆ ತಂತಿಯಲ್ಲಿ ಇದ್ದಂತಿಲ್ಲ. ಪಿನ್ ಅಲ್ಲಾಡಿಸಿದರೆ ಸದ್ದು ಬರುತ್ತದೆ ಅಂದಿರಲ್ಲ, ಅಲ್ಲೇ ನೋಡಬೇಕು.

ಬೆಳ್ಳಿ ತಾಮ್ರಕ್ಕಿಂತ ಚೆನ್ನಾಗಿ ಕರೆಂಟ್ ಹರಿಸುತ್ತದೆ, ನಿಜ. ಎಷ್ಟು ಚೆನ್ನಾಗಿ? ನೂರಕ್ಕೆ 5–6ರಷ್ಟು. 0.2 ಚದರ ಮಿಲಿಮೀಟರ್ ದಪ್ಪದ ಒಂದು ಮೀಟರ್ ತಾಮ್ರದ ತಂತಿಯ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ಅಡ್ಡಿ) ಸುಮಾರು 0.09 ಓಮ್. ಅದು ಹೋಗಿ ಸೇರುವ ಫೋನೋ ಇನ್‌ಪುಟ್ (ಆಂಪ್ಲಿಫೈಯರ್‌ನಲ್ಲಿ ಟರ್ನ್‌ಟೇಬಲ್‌ಗೆಂದೇ ಇರುವ ಸಾಕೆಟ್) ಸಾಮಾನ್ಯವಾಗಿ 47,000 ಓಮ್. ಇದರ ಎದುರು ಬೆಳ್ಳಿ ಉಳಿಸಿಕೊಡುವುದು ಲೆಕ್ಕಕ್ಕೇ ಬರುವುದಿಲ್ಲ.

ಬಂಗಾರದ ವಿಷಯ ಬೇರೆ. ಅದು ತಾಮ್ರದಷ್ಟೂ ಚೆನ್ನಾಗಿ ಕರೆಂಟ್ ಹರಿಸುವುದಿಲ್ಲ. ಆದರೆ ಅದಕ್ಕೆ ಕಿಲುಬು ಹಿಡಿಯುವುದಿಲ್ಲ. ಅದಕ್ಕೇ ಪಿನ್ ಮೇಲೆ ತೆಳ್ಳಗೆ ಅದರ ಲೇಪ, ತಾಮ್ರ ಮೇಲೆ ಹತ್ತಿ ಬರದ ಹಾಗೆ ನಡುವೆ ನಿಕಲ್. ಬೆಳ್ಳಿ ಗಾಳಿಯ ಗಂಧಕಕ್ಕೆ ಕಪ್ಪಾಗುತ್ತದೆ. ಮನೆಯ ಕುಂಕುಮ ಬಟ್ಟಲು ಕಪ್ಪಾಗುವುದು ನೋಡಿದ್ದೀರಲ್ಲ, ಹಾಗೆ. ಸೂಜಿ ಕೂರುವ ಕಾರ್ಟ್ರಿಜ್‌ನಿಂದ ಬರುವುದು ಕೆಲವೇ ಮಿಲಿವೋಲ್ಟ್. ಪಿನ್ ಮೇಲಿನ ಕೊಳೆ ದಾಟಲು ಅದಕ್ಕೆ ಶಕ್ತಿ ಸಾಲದು.

ಆಂಪ್ಲಿಫೈಯರ್ ಆಫ್ ಮಾಡಿ ಪಿನ್ ಬಿಚ್ಚಿ. ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಪಿನ್, ಸಾಕೆಟ್ ಎರಡನ್ನೂ ಒರೆಸಿ. ಮರಳು ಕಾಗದ ಬೇಡವೇ ಬೇಡ, ಲೇಪವೇ ಹೋಗುತ್ತದೆ. ಒಣಗಿದ ಮೇಲೆ ತಿರುಗಿಸುತ್ತಾ ಒಳಗೆ ತಳ್ಳಿ. ಗುಂಯ್ ಸದ್ದಿಗೆ ಟರ್ನ್‌ಟೇಬಲ್‌ನ ಅರ್ಥ್ ವೈರ್ ನೋಡಿ. ಆಂಪ್ಲಿಫೈಯರ್ ಹಿಂದಿನ ಅರ್ಥ್ ಸ್ಕ್ರೂಗೆ ಬಿಗಿಯಾಗಿ ಕೂತಿದೆಯಾ?

ಹಾವೇರಿ

ಅಣ್ಣಾರ ಮಾತು ಒಪ್ಪುತ್ತೇನೆ. ಆದರೆ ನನ್ನ ಸಿಡಿ ಪ್ಲೇಯರ್‌ಗೆ ಬೆಳ್ಳಿ ಲೇಪದ ತಾಮ್ರದ ಕೇಬಲ್ ಹಾಕಿದ ಮೇಲೆ ಮೇಲಿನ ಸ್ವರ ತಿಳಿಯಾಗಿ ಕೇಳಿದ ಹಾಗಾಯಿತು. ಅದು ಸುಳ್ಳಾ?

ಬೆಟಗೇರಿ, ಗದಗ

ಸುಳ್ಳು ಅನ್ನುವುದಿಲ್ಲ ತಮ್ಮಾ. ಹಳೆಯ ಪಿನ್ ಕಿತ್ತು ಹೊಸದು ಹಾಕಿದರೆ ಕೂಡಿಕೆಯೂ ಹೊಸದಾಗುತ್ತದೆ, ಅಲ್ವಾ? ಹಳೆಯದನ್ನೂ ಒರೆಸಿ, ಮನೆಯವರ ಕೈಯಲ್ಲಿ ನಿಮಗೆ ಕಾಣದ ಹಾಗೆ ಹತ್ತು ಸಲ ಬದಲಿಸಿ ಹಾಕಿಸಿ. ಯಾವುದು ಯಾವುದೆಂದು ಬರೆದಿಟ್ಟು ಕೊನೆಗೆ ತಾಳೆ ನೋಡಿ.

ಟರ್ನ್‌ಟೇಬಲ್‌ಗೆ ಮಾತ್ರ ಕೇಬಲ್‌ನ ಕೆಪಾಸಿಟೆನ್ಸ್ (ವಿದ್ಯುತ್ ಚಾರ್ಜ್ ಹಿಡಿದಿಡುವ ಗುಣ) ನಿಜವಾಗಿ ಮುಖ್ಯ. ಮೂವಿಂಗ್ ಮ್ಯಾಗ್ನೆಟ್ (ಸೂಜಿಯ ಜೊತೆ ಪುಟ್ಟ ಅಯಸ್ಕಾಂತ ಅಲುಗುವ ಬಗೆಯ) ಕಾರ್ಟ್ರಿಜ್ ಆದರೆ ಅದು ಮೇಲಿನ ಸ್ವರವನ್ನೇ ಬದಲಿಸಬಲ್ಲದು. ಕೊಳ್ಳುವುದಿದ್ದರೆ ಮೀಟರಿಗೆ ಎಷ್ಟು ಪಿಕೋಫ್ಯಾರಡ್ (ಕೆಪಾಸಿಟೆನ್ಸ್ ಅಳೆಯುವ ಮಾನ) ಎಂದು ಕೇಳಿ, ಶೀಲ್ಡ್ (ಒಳತಂತಿಯ ಸುತ್ತಲಿನ ಲೋಹದ ಬಲೆ) ಹೆಣಿಗೆ ದಟ್ಟವಾಗಿದೆಯಾ ನೋಡಿ. ತಂತಿಯನ್ನು ಬ್ಲೇಡಿನಿಂದ ಕೆರೆಯಿರಿ. ಹೊರಗೆ ಕೆಂಪು, ಒಳಗೆ ಬಿಳಿ ಕಂಡರೆ ಅದು ತಾಮ್ರ ಹೊದಿಸಿದ ಅಲ್ಯುಮಿನಿಯಂ, ಬಿಟ್ಟುಬಿಡಿ. ಹೊರಗೆ ಬಿಳಿ, ಒಳಗೆ ಕೆಂಪು ಇದ್ದರೆ ಹೆದರಬೇಡಿ. ಅದು ಹೆಚ್ಚಾಗಿ ತಾಮ್ರದ ಹಂಡೆಗೆ ಕಲಾಯಿ ಹಾಕಿದ ಹಾಗೆ ತವರ ಹಾಕಿದ್ದು. ನಮ್ಮ ಮಳೆಗಾಲಕ್ಕೆ ನನಗೆ ಅದೇ ಇಷ್ಟ.

ಮಾಳಮಡ್ಡಿ, ಧಾರವಾಡ

ಅಣ್ಣಾ, ಒರೆಸಿದೆ. ಬಟ್ಟೆ ಕಪ್ಪಾಯಿತು. ಎಡಗಡೆ ಈಗ ಗಟ್ಟಿಯಾಗಿ ಬರುತ್ತಿದೆ. ಅರ್ಥ್ ವೈರ್ ಸ್ಕ್ರೂನಿಂದ ಕಳಚಿ ಗೋಡೆಯ ಸಂದಿಯಲ್ಲಿ ಬಿದ್ದಿತ್ತು. ಬಿಗಿದ ಕೂಡಲೇ ಗುಂಯ್ ನಿಂತಿತು. ನಿನ್ನೆ ರಾತ್ರಿ ಒಂದು ಇಡೀ ಮಗ್ಗಲು ಕೇಳಿದೆ. ಮನಸೂರರು ಉಸಿರು ಎಳೆದುಕೊಳ್ಳುವುದೂ ಕೇಳಿಸಿತು.