ಅಪ್‌ಡೇಟ್: ಸಕ್ಕರೆ ಬದಲು ಬೆಲ್ಲ ನಡೆಯುತ್ತಾ ಅಂತ ಕೇಳಿದ್ದೆನಲ್ಲ

ಚಹಾಕ್ಕೆ ಸಕ್ಕರೆ ಬಿಟ್ಟು ಬೆಲ್ಲ ಹಾಕಿದರೆ ಶುಗರ್ ಇಳಿಯುತ್ತಾ ಅಂತ ಕೇಳಿದ್ದೆ. ನಿಮ್ಮಲ್ಲಿ ಸುಮಾರು ಜನ ಇಲ್ಲ ಅಂದಿದ್ದಿರಿ. ನಮ್ಮ ಡಾಕ್ಟರೂ ಅದನ್ನೇ ಹೇಳಿದರು. ಬೆಲ್ಲದಲ್ಲೂ ಇರೋದು ಬಹುಪಾಲು ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಇಂಥ ಸಕ್ಕರೆ ಎಲ್ಲ ಸೇರಿ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು, ಅಂದರೆ ಸುಮಾರು 6 ಚಮಚ. ನಾನು ಚಹಾದಲ್ಲೇ ಅಷ್ಟು ಮುಗಿಸುತ್ತಿದ್ದೆ!

ಈಗ ಕಪ್ಪಿಗೆ ಅರ್ಧ ಚಮಚ ಅಷ್ಟೇ. ಮೊದಮೊದಲು ಸಪ್ಪೆ ಅನ್ನಿಸಿತು. ಈಗ ಹೊರಗಿನ ಚಹಾನೇ ಪಾಕದ ಹಾಗಿರುತ್ತೆ.

ನಿಜವಾದ ಕಷ್ಟ ಕುಂದಾದ್ದು. ಬೆಳಗಾವಿಯಲ್ಲಿದ್ದು ಅದನ್ನು ಬೇಡ ಅಂದರೆ ವೈನಿ ಬಿಡ್ತಾರಾ? ಒಂದು ಚಮಚ ತಿಂದು ಕೈ ಮುಗಿಯುತ್ತೇನೆ. ಗೋಕಾಕದ ಕರದಂಟು ಬೆಲ್ಲದ್ದು ಅನ್ನೋ ನೆಪವೂ ಹೋಯಿತು. ಎಚ್‌ಬಿಎ1ಸಿ ಅನ್ನೋ ರಕ್ತ ಪರೀಕ್ಷೆ ಹಿಂದಿನ 2-3 ತಿಂಗಳ ಶುಗರ್‌ನ ಸರಾಸರಿ ತೋರಿಸುತ್ತೆ, ಹಾಗಾಗಿ ಅವಸರ ಮಾಡದೆ ದೀಪಾವಳಿಗೆ ಮುಂಚೆ ಮಾಡಿಸುತ್ತೇನೆ.